ಇಬ್ಬರದೂ ರಾಠೋಡ ಗೋತ್ರ: ತಾಂಡಾ ಒಪ್ಪದ ಮದುವೆಗೆ ದಾರಿ ಯಾವುದು?

ಪ್ರಶ್ನೆ: ಅಕ್ಕಾ, ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದವಳು. ವಯಸ್ಸು 24. ನರ್ಸಿಂಗ್ ಮುಗಿಸಿ ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿಯ ಲ್ಯಾಬಿನಲ್ಲಿರುವ ಹುಡುಗನನ್ನು ಎರಡು ವರ್ಷದಿಂದ ಪ್ರೀತಿಸುತ್ತಿದ್ದೇನೆ. ಅವನಿಗೆ 27. ಹುನಗುಂದ ಕಡೆಯ ತಾಂಡಾದವನು. ದಾಖಲೆಯಲ್ಲಿ ಅವನ ಅಡ್ಡಹೆಸರು ಲಮಾಣಿ ಅಂತ ಇದೆ, ನನ್ನದು ರಾಠೋಡ. ಮನಸ್ಸು ಕೊಟ್ಟ ಮೇಲೆ ಗೊತ್ತಾಯಿತು, ಅವರದೂ ರಾಠೋಡ ಗೋತ್ರವೇ. ಬಿಟ್ಟುಬಿಡೋಣ ಅಂತ ಇಬ್ಬರೂ ಪ್ರಯತ್ನಪಟ್ಟೆವು, ಆಗಲಿಲ್ಲ. ನಮ್ಮ ದೊಡ್ಡಪ್ಪನೇ ತಾಂಡಾದ ನಾಯಕ. ವಿಷಯ ಸ್ವಲ್ಪ ಕಿವಿಗೆ ಬಿದ್ದಿದೆ. "ಅಂವ ನಿನಗ ಅಣ್ಣ ಆಗ್ತಾನ, ಇದು ಪಾಪ" ಅಂತಾರೆ. ಅಪ್ಪ ಅವ್ವ ಪ್ರತಿ ವರ್ಷ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಗ್ಯಾಂಗ್ ಹೊರಡುವುದರೊಳಗೆ ಸೊಲ್ಲಾಪುರ ಕಡೆಯ ಪವಾರರ ಹುಡುಗನ ಜೊತೆ ನನ್ನ ನಿಶ್ಚಯ ಮುಗಿಸಬೇಕು ಅಂತಿದ್ದಾರೆ. ಅವನು ನಿಜವಾಗಿ ನನಗೆ ಅಣ್ಣನಾ? ಕಾನೂನು ಒಪ್ಪುತ್ತದಾ? ಓಡಿಹೋದರೆ ಅಪ್ಪನನ್ನು ಜಾತಿಯಿಂದ ಹೊರಗೆ ಹಾಕುತ್ತಾರಾ? ನನ್ನ ತಂಗಿಯ ಗತಿ ಏನು?

ಉತ್ತರ: ತಂಗಿ, ನಿನ್ನ ನಿದ್ದೆ ಕೆಡಿಸಿರುವ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ನೀನು ಪಾಪ ಮಾಡಿಲ್ಲ. ಗೋತ್ರ ಒಂದೇ ಅನ್ನುವ ಕಾರಣಕ್ಕೆ ಕಾನೂನು ನಿಮ್ಮ ಮದುವೆಯನ್ನು ತಡೆಯುವುದಿಲ್ಲ. ಒಂದು ಸಣ್ಣ ಲೆಕ್ಕ ನೋಡಬೇಕು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಿನಗೆ ಅರ್ಧ ಉತ್ತರ ಕೊಟ್ಟ ಹಾಗೆ. ಮದುವೆ ಆಗುವವರು ನೀವಿಬ್ಬರು, ಪೆಟ್ಟು ಬೀಳುವುದು ತಾಂಡಾದಲ್ಲಿ ಉಳಿಯುವ ಅಪ್ಪ, ಅವ್ವ, ತಂಗಿಗೆ. ಆ ಪೆಟ್ಟನ್ನು ಹೇಗೆ ಕಡಿಮೆ ಮಾಡಬೇಕು ಅನ್ನುವುದರ ಬಗ್ಗೆಯೇ ನಾನು ಜಾಸ್ತಿ ಬರೆಯುತ್ತೇನೆ.

ನನ್ನ ತವರೂ ತಾಂಡಾನೇ. ಈಗ ವಕೀಲಿ ಮಾಡುತ್ತೇನೆ, ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಇಂಥದೇ ಕಷ್ಟದಲ್ಲಿರುವ ಹುಡುಗ ಹುಡುಗಿಯರು. ಹಾಗಾಗಿ ನಿನ್ನ ದೊಡ್ಡಪ್ಪನ ಮಾತನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಆ ನಿಯಮ ಯಾಕೆ ಹುಟ್ಟಿತು ಅಂತ ಗೊತ್ತಿದ್ದರೆ ಅವರ ಎದುರು ಕೂತು ಮಾತಾಡಲು ನಿನಗೇ ಅನುಕೂಲ.

ನಮ್ಮ ಹಿರಿಯರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಸಾವಿರಾರು ಮೈಲಿ ತಿರುಗಿದವರು. ಒಂದು ತಾಂಡಾ ಅಂದರೆ ಬಹುಪಾಲು ಒಂದೇ ಗೋತ್ರದ ಅಣ್ಣತಮ್ಮಂದಿರ ಗುಂಪು. ಒಟ್ಟಿಗೆ ಬೆಳೆದ ಮಕ್ಕಳು ಅಣ್ಣ ತಂಗಿಯರ ಹಾಗೆ ಇರಲೇಬೇಕು, ಇಲ್ಲದಿದ್ದರೆ ದಾರಿಯ ಮೇಲಿನ ಸಂಸಾರ ನಡೆಯುವುದಿಲ್ಲ. ಹೆಣ್ಣು ಕೊಡುವುದು, ತರುವುದು ಬೇರೆ ಗೋತ್ರದ ತಾಂಡಾದ ಜೊತೆ. ಹಾಗೆ ಕೊಟ್ಟು ತಂದಾಗ ಎರಡು ತಾಂಡಾ ಸಗಾ, ಅಂದರೆ ಬೀಗರು, ಆಗುತ್ತಿದ್ದವು. ಬರ ಬಂದಾಗ, ಕಳ್ಳರ ಕಾಟ ಇದ್ದಾಗ, ಸಾಲ ಬೇಕಾದಾಗ ಆ ಸಗಾಗಳೇ ಕೈ ಹಿಡಿಯುತ್ತಿದ್ದರು. ಇನ್ನೊಂದು ಕಡೆ, ರಾಠೋಡರ ಹೆಣ್ಣುಮಗಳು ಗುರುತಿಲ್ಲದ ತಾಂಡಾಕ್ಕೆ ಹೋದರೂ ಅಲ್ಲಿ ಒಂದು ರಾಠೋಡರ ಮನೆ ಇದ್ದರೆ ಸಾಕು, ಅದು ಅವಳ ಅಣ್ಣನ ಮನೆ. ರಾತ್ರಿ ಧೈರ್ಯವಾಗಿ ಮಲಗಬಹುದು. ನಿನ್ನ ದೊಡ್ಡಪ್ಪ "ಅಣ್ಣ ಆಗ್ತಾನ" ಅನ್ನುವಾಗ ಅವರ ಮನಸ್ಸಿನಲ್ಲಿರುವುದು ಈ ಭರವಸೆ. ನೀನು ಅದನ್ನು ಮುರಿಯುತ್ತಿದ್ದೀಯಾ ಅಂತ ಅವರಿಗೆ ಅನಿಸುತ್ತದೆ.

ಠಾಣೆ, ಕೋರ್ಟು ಅಂದರೆ ಅವರು ದೂರ ಸರಿಯುವುದಕ್ಕೂ ಕಾರಣ ಇದೆ. ರಸ್ತೆ, ರೈಲು ಬಂದು, ಉಪ್ಪು ಸರ್ಕಾರದ ಕೈಗೆ ಹೋದ ಮೇಲೆ ಎತ್ತಿನ ವ್ಯಾಪಾರ ನೆಲಕಚ್ಚಿತು. ಅದರ ಹಿಂದೆಯೇ 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಹುಟ್ಟಿನಿಂದಲೇ ಅಪರಾಧಿಗಳು ಅಂತ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಪಟ್ಟಿಗೆ ಹಾಕಿದರು, ಬಂಜಾರರನ್ನೂ, ಅಂದರೆ ನಮ್ಮ ಲಂಬಾಣಿಗರನ್ನೂ, ಹಲವು ಕಡೆ ಬಿಡಲಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನು ಕೂಡಿಹಾಕುವ ಸೆಟ್ಲಮೆಂಟುಗಳಿದ್ದವು. ಆ ಕಾಯ್ದೆ ರದ್ದಾಗಿದ್ದು 1952ರಲ್ಲಿ. ಪೊಲೀಸರು ಬಂದರೆ ಹಿಡಿದುಕೊಂಡು ಹೋಗಲಿಕ್ಕೇ ಬರುತ್ತಾರೆ ಅನ್ನುವ ಕಾಲದಲ್ಲಿ ತಾಂಡಾದ ಹಿರಿಯರಾದ ನಾಯಕ, ಡಾವ್, ಕಾರಭಾರಿ ಕೂತು ನಡೆಸುವ ನಸಾಬ್ ಅನ್ನುವ ಪಂಚಾಯ್ತಿಯೇ ನಮ್ಮವರಿಗೆ ನ್ಯಾಯದ ಜಾಗ. ಎಮ್ಮೆ ಕಳುವಾದರೂ ಅಲ್ಲೇ, ಗಂಡ ಹೆಂಡಿರ ಜಗಳವೂ ಅಲ್ಲೇ. ಆ ನಂಬಿಕೆ ಒಂದೇ ದಿನಕ್ಕೆ ಹೋಗುವುದಿಲ್ಲ.

ಈಗ ಕಾಲ ಬದಲಾಗಿದೆ ಅನ್ನುವುದನ್ನೂ ನೋಡಬೇಕು, ಅಲ್ವಾ? ರಾಠೋಡರಲ್ಲಿ 27 ಪಾಡ (ಗೋತ್ರದೊಳಗಿನ ಕವಲು), ಪವಾರರಲ್ಲಿ 12, ಚವ್ಹಾಣರಲ್ಲಿ 6 ಅಂತ ಹಿರಿಯರು ಎಣಿಸುತ್ತಾರೆ. ಒಂದು ಪಾಡದೊಳಗೇ ಸಾವಿರಾರು ಮನೆ. ರಾಜಸ್ಥಾನದಿಂದ ಕರ್ನಾಟಕದವರೆಗೆ ರಾಠೋಡರು ಲಕ್ಷಗಟ್ಟಲೆ ಇದ್ದಾರೆ. ಮೊದಲು ಇಬ್ಬರು ಎದುರಾದ ಕೂಡಲೇ ಗೋತ್ರ, ಪಾಡ ಕೇಳುತ್ತಿದ್ದರು. ಸಗಾನೋ ಭಾಯಿನೋ ಅಂತ ಆಮೇಲೆ ಮಾತು. ಈಗ ಶಾಲೆಯ ರಿಜಿಸ್ಟರಿನಲ್ಲಿ ಗುರುಗಳು ಇಡೀ ತಾಂಡಾದ ಮಕ್ಕಳಿಗೆ ಲಮಾಣಿ ಅಂತ ಬರೆದುಬಿಟ್ಟಿರುತ್ತಾರೆ. ಇನ್ನೊಂದು ಕಡೆ ನಾಯಕ ಅಂತ ಬರೆದಿರುತ್ತಾರೆ. ನೀವಿಬ್ಬರೂ ಗೊತ್ತಿದ್ದು ಗೆರೆ ದಾಟಿದವರಲ್ಲ. ಗೆರೆ ಎಲ್ಲಿದೆ ಅಂತ ತೋರಿಸುವ ಗುರುತೇ ನಿಮ್ಮ ಕಾಗದಗಳಲ್ಲಿ ಇರಲಿಲ್ಲ. ಈ ಮಾತನ್ನು ನಿನ್ನ ಅವ್ವನಿಗೆ ಹೀಗೇ ಹೇಳು.

ರಕ್ತದ ಮಾತಿಗೆ ಬಾ. ನೀನು ನರ್ಸ್, ನಿನಗೆ ಬೇಗ ಅರ್ಥವಾಗುತ್ತದೆ. ನಿಮ್ಮ ಪಕ್ಕದ ಊರುಗಳಲ್ಲಿ ಅಕ್ಕನ ಮಗಳನ್ನು ಮದುವೆ ಆಗುತ್ತಾರೆ. ಸೋದರಮಾವನಿಗೂ ಸೊಸೆಗೂ ವಂಶವಾಹಿಯ ಪಾಲು ನಾಲ್ಕರಲ್ಲಿ ಒಂದು. ಸೋದರತ್ತೆಯ ಮಗನಾದರೆ ಎಂಟರಲ್ಲಿ ಒಂದು. ಬೇರೆ ಬೇರೆ ಜಿಲ್ಲೆಯ, ಎಷ್ಟೋ ತಲೆಮಾರಿನಿಂದ ಸಂಬಂಧ ಇಲ್ಲದ ಇಬ್ಬರು ರಾಠೋಡರ ನಡುವೆ ಅಷ್ಟು ಹತ್ತಿರದ ಪಾಲು ಇರುವುದೇ ಇಲ್ಲ. ಕಾನೂನು ನೋಡಿದರೆ, ಅಕ್ಕನ ಮಗಳ ಮದುವೆ ಹಿಂದೂ ವಿವಾಹ ಕಾಯ್ದೆಯಲ್ಲಿ ನಿಷಿದ್ಧ. ಆ ಸಮುದಾಯದಲ್ಲಿ ಹಿಂದಿನಿಂದ ಬಂದ ರೂಢಿ ಇದ್ದರೆ ಮಾತ್ರ ವಿನಾಯಿತಿ. ಒಂದೇ ಗೋತ್ರದ ಮದುವೆಗೆ ಅಂಥ ನಿಷೇಧವೇ ಇಲ್ಲ. ಊರಿನವರು ಯಾವುದನ್ನು ಸಹಜ ಅಂತಾರೋ ಅದಕ್ಕೆ ಕಾನೂನು ವಿನಾಯಿತಿ ಕೇಳುತ್ತದೆ, ತಾಂಡಾ ಯಾವುದನ್ನು ಪಾಪ ಅನ್ನುತ್ತದೋ ಅದನ್ನು ಕಾನೂನು ಸಹಜ ಅನ್ನುತ್ತದೆ.

1946ರಲ್ಲೇ ಒಂದು ಕಾಯ್ದೆ ಬಂದು ಸಗೋತ್ರ ಅನ್ನುವ ಕಾರಣಕ್ಕೆ ಹಿಂದೂ ಮದುವೆ ಅಸಿಂಧು ಆಗುವುದಿಲ್ಲ ಅಂತ ಹೇಳಿತು. 1955ರ ಹಿಂದೂ ವಿವಾಹ ಕಾಯ್ದೆಯ ಷರತ್ತುಗಳಲ್ಲಿ ಗೋತ್ರದ ಮಾತೇ ಇಲ್ಲ. ಹುಡುಗನಿಗೆ 21, ಹುಡುಗಿಗೆ 18 ಆಗಿರಬೇಕು. ಇಬ್ಬರಿಗೂ ಬೇರೆ ಮದುವೆ ಇರಬಾರದು. ಒಪ್ಪಿಗೆ ಕೊಡುವಷ್ಟು ಮನಸ್ಸು ಸ್ವಸ್ಥವಾಗಿರಬೇಕು. ನಿಷಿದ್ಧ ಸಂಬಂಧ ಇರಬಾರದು, ಸಪಿಂಡ ಸಂಬಂಧವೂ ಇರಬಾರದು.

ನಾನು ಹೇಳಿದ ಸಣ್ಣ ಲೆಕ್ಕ ಈ ಸಪಿಂಡದ್ದು, ಅಂದರೆ ಹತ್ತಿರದ ಕೆಲವು ತಲೆಮಾರಿನಲ್ಲಿ ಇಬ್ಬರಿಗೂ ಒಬ್ಬನೇ ಹಿರಿಯ ಇದ್ದಾನಾ ಅನ್ನುವುದು. ಒಂದು ಹಾಳೆ ತೆಗೆದುಕೋ. ಮೇಲೆ ನಿನ್ನ ಹೆಸರು ಬರೆ, ಅದು ಒಂದನೇ ತಲೆ. ಅಪ್ಪ ಎರಡು, ಅಜ್ಜ ಮೂರು, ಮುತ್ತಜ್ಜ ನಾಲ್ಕು, ಮುತ್ತಜ್ಜನ ಅಪ್ಪ ಐದು. ಅಪ್ಪನ ಕಡೆ ಐದರವರೆಗೆ, ಅವ್ವನ ಕಡೆ ಮೂರರವರೆಗೆ ಬರೆ. ಅವನೂ ಹಾಗೇ ಬರೆಯಲಿ. ಇಬ್ಬರ ಹಾಳೆಯಲ್ಲೂ ಒಬ್ಬನೇ ಹಿರಿಯ ಬಂದರೆ ನಿಲ್ಲಬೇಕು, ವಕೀಲರನ್ನು ಕಾಣಬೇಕು. ಬರದಿದ್ದರೆ ದಾರಿ ಸರಳ. ಐದನೇ ತಲೆಯ ಹೆಸರು ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ವಂಶಾವಳಿ ಹಾಡುವ ಭಾಟರನ್ನು ಕೇಳಬಹುದು. ಹಳೆಯ ಪಹಣಿ, ಶಾಲೆಯ ದಾಖಲೆಯಲ್ಲಿ ಅಜ್ಜ ಮುತ್ತಜ್ಜರ ಹೆಸರು ಸಿಗುತ್ತದೆ. ಅವನ ಪಾಡ ಯಾವುದು, ನಿನ್ನದು ಯಾವುದು ಅಂತಲೂ ಕೇಳಿಕೊಂಡು ಬರೆದಿಡು. ಪಾಡ ಬೇರೆ ಆದರೂ ನಸಾಬ್ ಒಪ್ಪುತ್ತದೆ ಅಂತಲ್ಲ, ಗೋತ್ರ ಒಂದೇ ಅಂತಲೇ ಅವರು ಹೇಳುತ್ತಾರೆ. ಆದರೆ ಮಾತು ಶುರುಮಾಡಲು ಕೈಯಲ್ಲಿ ಒಂದು ಹಾಳೆ ಇದ್ದರೆ ಸಿಟ್ಟಿನ ಮಾತು ಲೆಕ್ಕದ ಮಾತಾಗುತ್ತದೆ. ದೊಡ್ಡಪ್ಪನಂಥವರು ಲೆಕ್ಕಕ್ಕೆ ಬೆಲೆ ಕೊಡುತ್ತಾರೆ.

ಬೇರೆ ಓದುಗರಿಗೂ ಉಪಯೋಗ ಆಗಲಿ ಅಂತ ಒಂದು ಮಾತು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿ ಇದ್ದಾರೆ, ಹಾಗಾಗಿ ಹಿಂದೂ ವಿವಾಹ ಕಾಯ್ದೆ ನೇರವಾಗಿ ಅನ್ವಯ. ತೆಲಂಗಾಣ, ಆಂಧ್ರದಲ್ಲಿ ಇದೇ ಜನ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ, ಅವರ ರೂಢಿಯೇ ನಡೆಯುತ್ತದೆ. ಬೆಳಗಾವಿ, ಬಾಗಲಕೋಟೆಯ ವಾಲ್ಮೀಕಿ ನಾಯಕರ ಮಕ್ಕಳು, 2020ರ ತಿದ್ದುಪಡಿಯಿಂದ ಪಂಗಡದ ಪಟ್ಟಿಗೆ ಬಂದ ಬೆಳಗಾವಿ ಜಿಲ್ಲೆಯ ಸಿದ್ದಿಗಳ ಮಕ್ಕಳು ಇಂಥ ಕಷ್ಟದಲ್ಲಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹೆಚ್ಚು ಗಟ್ಟಿ.

ನಿನಗೆ ಮಾತ್ರ ನಾನು ವಿಶೇಷ ವಿವಾಹ ಕಾಯ್ದೆ ಬೇಡ ಅಂತೀನಿ. ಅದರಲ್ಲಿ ಮೊದಲೇ ನೋಟಿಸು ಕೊಡಬೇಕು. ಆ ನೋಟಿಸನ್ನು ಕಚೇರಿಯ ಬೋರ್ಡಿಗೆ ಹಚ್ಚುತ್ತಾರೆ, 30 ದಿನ ಕಾಯಬೇಕು. ಉಪನೋಂದಣಿ ಕಚೇರಿಗೆ ದಿನಾ ಹತ್ತಾರು ಊರಿನವರು ಬರುತ್ತಾರೆ. ನಿನ್ನ ಫೋಟೋ ಇರುವ ಕಾಗದ ಅಲ್ಲಿ ತಿಂಗಳು ತೂಗಿದರೆ ಸುದ್ದಿ ತಾಂಡಾ ಮುಟ್ಟಲು ಎರಡು ದಿನ ಸಾಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಆ ನೋಟಿಸು ಇಲ್ಲ. ಮೊದಲು ಶಾಸ್ತ್ರವಾಗಿ ಮದುವೆ, ಆಮೇಲೆ ನೋಂದಣಿ. ಆದರೆ ಒಂದು ಎಚ್ಚರ. ಶಾಸ್ತ್ರ ಮಾಡದೆ ಸುಮ್ನೆ ಕಾಗದಕ್ಕೆ ಸಹಿ ಹಾಕಿದರೆ ಅದು ಮದುವೆ ಅಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಗುಡಿಯಲ್ಲಾದರೂ ಸರಿ, ನಿಮ್ಮ ಪದ್ಧತಿಯ ಶಾಸ್ತ್ರ ಪೂರ್ತಿ ಆಗಬೇಕು. ಫೋಟೋ ಇರಲಿ, ಸಾಕ್ಷಿಗಳು ಇರಲಿ, ಗುಡಿಯ ರಸೀದಿ ಇರಲಿ.

ಇನ್ನು ಅಪ್ಪನ ವಿಷಯ. ನಿನ್ನ ಪತ್ರದಲ್ಲಿ ನನಗೆ ಹೆಚ್ಚು ನಾಟಿದ್ದು ಕಬ್ಬಿನ ಗ್ಯಾಂಗಿನ ಮಾತು. ಜಾತಿಯಿಂದ ಹೊರಗೆ ಹಾಕುವುದು ಅಂದರೆ ಮದುವೆ ಮುಂಜಿಗೆ ಕರೆಯದೆ ಇರುವುದು ಮಾತ್ರ ಅಂತ ಓದಿದ ಮಕ್ಕಳು ತಿಳಿದುಕೊಂಡಿರುತ್ತಾರೆ. ಅಪ್ಪನಿಗೆ ಅದು ಹೊಟ್ಟೆಯ ಪ್ರಶ್ನೆ. ಕೂಲಿಗೆ ಜನ ಕರೆದೊಯ್ಯುವ ಮುಕಾದಮ ಮುಂಗಡ ಕೊಡುವುದು ಜೋಡಿಗೆ. ಗಂಡ ಕಡಿಯಬೇಕು, ಹೆಂಡತಿ ಕಟ್ಟಬೇಕು, ಇಬ್ಬರೂ ಸೇರಿ ಒಂದು ಕೊಯ್ತಾ. ಗ್ಯಾಂಗಿನಲ್ಲಿ ಹತ್ತಾರು ಜೋಡಿ ಒಂದೇ ತಾಂಡಾದವು. ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕಿ, ಒಂದೇ ನೀರು, ಒಂದೇ ಟ್ರಾಕ್ಟರು, ಆರು ತಿಂಗಳು. "ಅವರ ಸಂಗಡ ನಾವು ಬರೂದಿಲ್ಲ" ಅಂತ ನಾಲ್ಕು ಜೋಡಿ ಅಂದರೆ ಮುಕಾದಮ ನಿನ್ನ ಅಪ್ಪನನ್ನು ಬಿಡುತ್ತಾನೆ. ತಗೊಂಡ ಮುಂಗಡ ವಾಪಸು ಕೇಳುತ್ತಾನೆ. ಆ ದುಡ್ಡು ಅಷ್ಟರಲ್ಲಿ ಮನೆಯ ಖರ್ಚಿಗೋ ಹಳೆಯ ಸಾಲಕ್ಕೋ ಹೋಗಿರುತ್ತದೆ. ದೊಡ್ಡಪ್ಪನ ಸಿಟ್ಟಿಗಿಂತ ಅಪ್ಪನಿಗೆ ಈ ಭಯ ದೊಡ್ಡದು. ನಿನ್ನ ಎದುರು ಅವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮರ್ಯಾದೆ ಅಂತಾರೆ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಇದು. ಈ ವರ್ಷ ಅಪ್ಪ ಎಷ್ಟು ಮುಂಗಡ ತಗೊಂಡಿದ್ದಾರೆ ಅಂತ ಕೇಳು. ನೀವಿಬ್ಬರೂ ದುಡಿಯುವವರು. ಗ್ಯಾಂಗ್ ಕೈಬಿಟ್ಟರೆ ಆ ಮೊತ್ತ ತುಂಬಿಕೊಡುವಷ್ಟು ಹಣ ಕೂಡಿಸಿ. ಮದುವೆಯ ಸೀರೆ, ಬಂಗಾರ ಆಮೇಲೆ. "ಮುಂಗಡ ನಾ ತೀರಿಸ್ತೀನಿ ಅಪ್ಪಾ" ಅನ್ನುವ ಒಂದು ಮಾತು ಎಷ್ಟೋ ಭಾಷಣಕ್ಕಿಂತ ಅವರನ್ನು ಹಗುರ ಮಾಡುತ್ತದೆ. ಮನೆಯ ಜಾಗದ ಹಕ್ಕುಪತ್ರ ಯಾರ ಹೆಸರಿನಲ್ಲಿದೆ ಅಂತಲೂ ನೋಡು. 2023ರ ಜನವರಿಯಲ್ಲಿ ಮಳಖೇಡದಲ್ಲಿ ವಿಜಯಪುರ ಸೇರಿ ಐದು ಜಿಲ್ಲೆಗಳ ತಾಂಡಾ, ಹಟ್ಟಿಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ನಿಮ್ಮ ತಾಂಡಾ ಕಂದಾಯ ಗ್ರಾಮ ಆಗಿ ಪತ್ರ ಕೈಗೆ ಬಂದಿದ್ದರೆ ಆ ಮನೆಯಿಂದ ಅಪ್ಪನನ್ನು ಯಾವ ನಸಾಬೂ ಎಬ್ಬಿಸಲು ಆಗುವುದಿಲ್ಲ. ಅದರ ಒಂದು ಪ್ರತಿ ನಿನ್ನ ಹತ್ತಿರ ಇರಲಿ.

ಎರಡನೆಯದು ನಿಶ್ಚಯ. ಗೋಳ್, ಅಂದರೆ ನಿಶ್ಚಯದ ಬೆಲ್ಲ, ತಿಂದ ಮೇಲೆ ಎರಡು ತಾಂಡಾದ ಮಾತು ಬಿದ್ದ ಹಾಗೆ. ಆಮೇಲೆ ನೀನು ಹಿಂದೆ ಸರಿದರೆ ಪವಾರರಿಗೂ ಅವಮಾನ, ಅಪ್ಪನ ಮೇಲೆ ದಂಡವೂ ಬೀಳುತ್ತದೆ. ಸೊಲ್ಲಾಪುರದ ಆ ಹುಡುಗ ಏನು ತಪ್ಪು ಮಾಡಿದ್ದಾನೆ? ಅವನಿಗೆ ಮೋಸ ಆಗಬಾರದು. ಅದಕ್ಕೇ ಏನೇ ಹೇಳುವುದಿದ್ದರೂ ಬೆಲ್ಲ ಹಂಚುವ ಮೊದಲು ಹೇಳು. "ಈಗ ಮದುವಿ ಬ್ಯಾಡ, ಮುಂದ ಓದ್ತೀನಿ" ಅಂತ ಸುಳ್ಳು ಹೇಳಬೇಡ. ಸುಳ್ಳು ಒಂದು ಸೀಸನ್ ಮುಂದೂಡುತ್ತದೆ, ಅಷ್ಟೇ.

ಮೊದಲು ಅವ್ವನಿಗೆ ಹೇಳು. ತಾಂಡಾದಲ್ಲಿ ಬೇಡ, ವಿಜಯಪುರಕ್ಕೆ ನಿನ್ನ ರೂಮಿಗೆ ಕರೆಸಿಕೋ. ಎರಡು ದಿನ ಇರಲಿ. ಹೇಳಿದ ದಿನ ಅತ್ತಾಳು, ಹೊಡೆದರೂ ಹೊಡೆದಾಳು. ಮರುದಿನ ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆಗಳಿಗೆ ಉತ್ತರ ಸಿದ್ಧ ಇಟ್ಟುಕೋ: ಅವನ ಪಾಡ, ಸಂಬಳ, ಕುಡಿತ ಇದೆಯಾ ಇಲ್ಲವಾ, ಮನೆಯಲ್ಲಿ ಯಾರು ಯಾರು. ಅವ್ವ ಒಪ್ಪದಿದ್ದರೂ ಗೊತ್ತಿರುವುದು ಮುಖ್ಯ. ಮಗಳು ಬಾಯಿಬಿಟ್ಟು ಹೇಳಿದ್ದಳು ಅನ್ನುವ ನೆನಪು ಮುಂದೆ ಮನಸ್ಸು ಕೂಡುವುದಕ್ಕೆ ಬೇಕಾಗುತ್ತದೆ.

ಆಮೇಲೆ ಸೋದರಮಾವ. ಅವ್ವನ ತವರಿನ ಗೋತ್ರ ಬೇರೆ. ಅಂದರೆ ಮಾವ ನಿನ್ನ ದೊಡ್ಡಪ್ಪನಿಗೆ ಸಗಾ, ನಸಾಬಿನಲ್ಲಿ ಅವನ ಮಾತಿಗೆ ತೂಕ ಇದೆ. ಒಂದೇ ಗೋತ್ರದ ತೊಡಕು ಬಂದಾಗ ಬೇರೆ ಗೋತ್ರದ ದಂಪತಿ ಹುಡುಗಿಯನ್ನು ತಮ್ಮ ಮಗಳು ಅಂತ ಮಡಿಲಿಗೆ ಹಾಕಿಕೊಂಡು ಧಾರೆ ಎರೆದು ಕೊಡುವ ರೂಢಿ ಬೇರೆ ಬೇರೆ ಜಾತಿಗಳಲ್ಲಿ ಇದೆ. ಕಾನೂನಿಗೆ ಅದು ಬೇಕಾಗಿಲ್ಲ. ಆದರೆ ಹಿರಿಯರಿಗೆ ತಲೆ ತಗ್ಗಿಸದೆ ಒಪ್ಪಿಕೊಳ್ಳಲು ಒಂದು ಬಾಗಿಲು ಬೇಕು. ಮಾವ ಅತ್ತೆ "ಆಕೀ ನಮ್ಮ ಮಗಳು, ನಾವು ಕೊಡ್ತೀವಿ" ಅಂತ ಮುಂದೆ ಬಂದರೆ ದೊಡ್ಡಪ್ಪನಿಗೂ ಹೇಳಿಕೊಳ್ಳಲು ಒಂದು ಮಾತು ಸಿಗುತ್ತದೆ. ಇದು ನಡೆದೇ ನಡೆಯುತ್ತದೆ ಅಂತ ಭರವಸೆ ಕೊಡಲಾರೆ. ಕೇಳಿ ನೋಡುವುದಕ್ಕೆ ಖಂಡಿತ ಯೋಗ್ಯ.

ವಿಷಯ ನಸಾಬಿಗೆ ಹೋಗಬಹುದು. ಅಲ್ಲಿ ಏನಾಗುತ್ತದೆ ಅಂತ ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಯಾಕಂದರೆ ಇದರ ಬಗ್ಗೆ ನನಗೆ ಹೇಳುವುದಿದೆ. ನಮ್ಮ ಗುರು ಸೇವಾಲಾಲರ ಗುಡಿಯ ಮುಂದೆ ಜಮಖಾನ ಹಾಸುತ್ತಾರೆ. ನಾಯಕ, ಡಾವ್, ಕಾರಭಾರಿ ಮೇಲೆ ಕೂರುತ್ತಾರೆ. ಹುಡುಗಿಯ ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಬಂದವರೆಲ್ಲ ಮಾತಾಡುತ್ತಾರೆ. ಯಾರದೋ ಹಳೆಯ ಜಗಳ, ಯಾರದೋ ಹೊಲದ ಗಡಿ, ಎಲ್ಲ ಇದರೊಳಗೆ ಬರುತ್ತದೆ. ಹೆಣ್ಣುಮಕ್ಕಳು ಗುಡಿಯ ಗೋಡೆಯ ಆಚೆ ಸೆರಗು ಬಾಯಿಗೆ ಹಿಡಿದು ನಿಂತಿರುತ್ತಾರೆ. ಯಾರ ಬದುಕಿನ ತೀರ್ಮಾನ ಆಗುತ್ತಿದೆಯೋ ಆ ಹುಡುಗಿ ಮನೆಯೊಳಗೆ ಬಾಗಿಲು ಹಾಕಿಕೊಂಡಿರುತ್ತಾಳೆ. ಅವಳನ್ನು ಒಂದು ಮಾತು ಕೇಳುವುದಿಲ್ಲ. ನಮ್ಮ ನಸಾಬ್ ಎಷ್ಟೋ ಮನೆ ಒಡೆಯುವುದನ್ನು ತಪ್ಪಿಸಿದೆ, ಅದಕ್ಕೆ ನನ್ನ ಗೌರವ ಇದೆ. ಆದರೆ ಹೆಣ್ಣಿನ ಬಾಯಿ ಮುಚ್ಚಿ ಮಾಡುವ ನ್ಯಾಯವನ್ನು ನಾನು ನ್ಯಾಯ ಅನ್ನುವುದಿಲ್ಲ. ದೊಡ್ಡಪ್ಪ ಕೂಡಿಸಿದರೆ ನೀನು ಹೋಗಿ ಮಾತಾಡುವ ಅವಕಾಶ ಕೇಳು. ಒಬ್ಬಳೇ ಹೋಗಬೇಡ, ಮಾವನ ಜೊತೆ ಹೋಗು. ಹೊಡೆತದ ಭಯ ಇದ್ದರೆ ಹೋಗಲೇಬೇಡ.

ನಸಾಬ್ ಬುದ್ಧಿ ಹೇಳಬಹುದು. ಬೈಯಬಹುದು. ಮದುವೆ ಆದರೆ ನಾವು ಬರುವುದಿಲ್ಲ ಅನ್ನಬಹುದು. ಹೆದರಿಸಿ ದಂಡ ವಸೂಲು ಮಾಡುವ ಅಧಿಕಾರ ಇಲ್ಲ. ನಿನ್ನನ್ನು ಕೂಡಿಹಾಕುವ ಅಧಿಕಾರ ಇಲ್ಲ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ವಯಸ್ಸಿಗೆ ಬಂದ ಇಬ್ಬರ ಮದುವೆಯನ್ನು ತಡೆಯಲು ಸೇರುವ ಯಾವುದೇ ಪಂಚಾಯ್ತಿ ಕಾನೂನುಬಾಹಿರ ಅಂದಿದೆ. ಇಂಥ ಜೋಡಿಗಳಿಗಾಗಿ ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, ಸುರಕ್ಷಿತ ವಸತಿ ಇರಬೇಕು ಅಂತ ರಾಜ್ಯಗಳಿಗೆ ಹೇಳಿದೆ. ನಿನ್ನ ಅಪ್ಪ ಕೆಲಸಕ್ಕೆ ಹೋಗುವ ಮಹಾರಾಷ್ಟ್ರದಲ್ಲಂತೂ ಸಾಮಾಜಿಕ ಬಹಿಷ್ಕಾರ ಹಾಕುವುದೇ ಅಪರಾಧ ಅಂತ 2016ರ ಕಾಯ್ದೆ ಇದೆ.

ನಮ್ಮ ಕಡೆಯದೇ ಇನ್ನೊಂದು ತೀರ್ಪು ನಿನಗೆ ಧೈರ್ಯ ಕೊಡುತ್ತದೆ. ಬೆಳಗಾವಿ ಜಿಲ್ಲೆಯ ಒಬ್ಬ ಉಪನ್ಯಾಸಕಿ ಮನೆಯವರಿಗೆ ಹೇಳದೆ ಊರು ಬಿಟ್ಟು ಹೋಗಿ ಮದುವೆ ಆದರು. ಮನೆಯವರು ಮುರಗೋಡ ಠಾಣೆಯಲ್ಲಿ ಕಾಣೆಯಾದ ದೂರು ಕೊಟ್ಟರು. ಮದುವೆಯ ದಾಖಲೆ ಕಳಿಸಿದರೂ ತನಿಖಾಧಿಕಾರಿ ಠಾಣೆಗೇ ಬಂದು ಹೇಳಿಕೆ ಕೊಡಿ ಅಂತ ಪಟ್ಟು ಹಿಡಿದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ಎಫ್‌ಐಆರ್ ರದ್ದು ಮಾಡಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮೇಲೆ ಮನೆತನ, ಸಮುದಾಯ, ಕುಲದ ಒಪ್ಪಿಗೆ ಬೇಕಾಗಿಲ್ಲ ಅಂದಿತು. ಅವಳು ಇರುವ ಜಾಗಕ್ಕೆ ಹೋಗಿ ಹೇಳಿಕೆ ಪಡೆಯಬೇಕಿತ್ತು ಅಂತ ಪೊಲೀಸರಿಗೂ ಹೇಳಿತು. ನಾಳೆ ನಿನ್ನ ಮೇಲೆ ಕಾಣೆಯಾದ ದೂರು ಬಂದರೆ ಹೆದರಿ ಫೋನ್ ಬಂದ್ ಮಾಡಬೇಡ. ಇಚ್ಛೆಯಿಂದ ಬಂದಿದ್ದೇನೆ ಅಂತ ಬರೆದು ಎಸ್‌ಪಿ ಕಚೇರಿಗೆ, ಠಾಣೆಗೆ ಕೊಡು. ಮ್ಯಾಜಿಸ್ಟ್ರೇಟರ ಮುಂದೆ ಹೇ‍ಳಿಕೆ ಕೊಡಲೂ ಅವಕಾಶ ಇದೆ.

ರಾತ್ರೋರಾತ್ರಿ ಓಡಿಹೋಗುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. 2023ರ ಡಿಸೆಂಬರಿನಲ್ಲಿ ಬೆಳಗಾವಿ ಹತ್ತಿರದ ಹೊಸ ವಂಟಮುರಿಯಲ್ಲಿ ಏನಾಯಿತು ಅಂತ ನಾವೆಲ್ಲ ಓದಿದ್ದೇವೆ. ಹುಡುಗ ಹುಡುಗಿ ಊರು ಬಿಟ್ಟರು. ಹುಡುಗಿಯ ಕಡೆಯವರು ಹುಡುಗನ ತಾಯಿಯನ್ನು ಮನೆಯಿಂದ ಎಳೆದು, ಬಟ್ಟೆ ಕಿತ್ತು, ಕರೆಂಟು ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಆ ತಾಯಿಗೆ ಆದ ನೋವು ಆಗಿಹೋಯಿತು. ಓಡಿಹೋದವರು ದೂರದಲ್ಲಿ ಇರುತ್ತಾರೆ, ಸಿಟ್ಟು ಹತ್ತಿರ ಇರುವವರ ಮೇಲೆ ತಿರುಗುತ್ತದೆ. ಇದನ್ನು ಮರೆಯಬೇಡ.

ಮನೆಯವರು ಪೂರ್ತಿ ಒಪ್ಪದೆ ನೀವು ಮದುವೆಯ ತೀರ್ಮಾನಕ್ಕೇ ಬಂದರೆ ಮೊದಲೇ ತಯಾರಿ ಇರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ನರ್ಸಿಂಗ್ ಸರ್ಟಿಫಿಕೇಟು ತಾಂಡಾದ ಟ್ರಂಕಿನಲ್ಲಿ ಇದ್ದರೆ ಈಗಲೇ ತಂದಿಟ್ಟುಕೋ. ಪ್ರತಿಗಳು ಡಿಜಿಲಾಕರಿನಲ್ಲೂ ಇರಲಿ. ಬ್ಯಾಂಕಿನ ಖಾತೆಗೆ ನಿನ್ನದೇ ನಂಬರ್ ಜೋಡಿಸಿರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನಿನಗೆ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯದ ಮಿತಿ ಇಲ್ಲ, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಮದುವೆ ಆದ ದಿನವೇ ಎಸ್‌ಪಿ ಕಚೇರಿಗೆ ಅರ್ಜಿ ಕೊಡಿ. ಅದರಲ್ಲಿ ನಿಮ್ಮಿಬ್ಬರ ರಕ್ಷಣೆಯಷ್ಟೇ ಕೇಳಬೇಡಿ, ಎರಡೂ ತಾಂಡಾದಲ್ಲಿರುವ ಅಪ್ಪ ಅವ್ವಂದಿರ ಹೆಸರು ಬರೆದು ಅವರಿಗೂ ರಕ್ಷಣೆ ಕೇಳಿ. ಅವನ ತಾಂಡಾ ಇರುವ ಬಾಗಲಕೋಟೆ ಜಿಲ್ಲೆಗೂ ಬೇರೆ ಅರ್ಜಿ ಬೇಕು. ಅವನ ಅವ್ವನನ್ನು ಆ ವಾರ ನೆಂಟರ ಮನೆಗೆ ಕಳಿಸಿರಬೇಕು. ಈಗಲೇ ನಿನ್ನನ್ನು ಮನೆಯಲ್ಲಿ ಕೂಡಿಹಾಕಿದರೆ, ಫೋನ್ ಕಿತ್ತುಕೊಂಡರೆ, ಬಲವಂತದ ನಿಶ್ಚಯ ಮಾಡಿದರೆ ಮಹಿಳಾ ಸಹಾಯವಾಣಿ 181 ಅಥವಾ ಪೊಲೀಸರ 112ಕ್ಕೆ ಫೋನ್ ಮಾಡು. ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರದ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಇರಲು ಜಾಗ ಕೊಡುತ್ತಾರೆ. ಗೃಹಹಿಂಸೆಯ ಕಾಯ್ದೆ ಹೆಂಡತಿಗೆ ಮಾತ್ರ ಅಲ್ಲ, ಮಗಳಿಗೂ ಇದೆ.

ನಿನ್ನ ಪತ್ರದಲ್ಲಿ ಒಂದು ವಿಷಯ ಕಾಣಲಿಲ್ಲ, ಅದನ್ನು ಕೇಳಲೇಬೇಕು. ಆ ಹುಡುಗ ತನ್ನ ಮನೆಯಲ್ಲಿ ಹೇಳಿದ್ದಾನಾ? ಅಪ್ಪ, ದೊಡ್ಡಪ್ಪ, ತಂಗಿ, ಎಲ್ಲರ ಚಿಂತೆಯೂ ನಿನ್ನ ತಲೆಯ ಮೇಲೆ ಇದೆ. ಅವನ ತಾಂಡಾದಲ್ಲೂ ನಸಾಬ್ ಇದೆ, ಅವನಿಗೂ ಅಪ್ಪ ಅವ್ವ ಇದ್ದಾರೆ. "ಮೊದಲ ನೀ ಹೇಳು, ಆಮ್ಯಾಲ ನಾ ನೋಡ್ತೀನಿ" ಅನ್ನುವವನಾದರೆ ನೀನು ಒಂದು ಹೆಜ್ಜೆಯನ್ನೂ ಮುಂದೆ ಇಡಬೇಡ. ಮದುವೆ ಆದ ಮೇಲೆ ಅವನ ಮನೆಯವರು "ಭಾಯಿಯ ಮಗಳನ್ನ ತಂದಾನ" ಅಂತ ದಿನಾ ಚುಚ್ಚುವಾಗ ನಿನ್ನ ಪಕ್ಕ ನಿಲ್ಲಬೇಕಾದವನು ಅವನು. ಅವನು ತನ್ನ ಅಪ್ಪನ ಎದುರು ಬಾಯಿಬಿಟ್ಟ ದಿನ ನಿನ್ನ ಅವ್ವನನ್ನು ವಿಜಯಪುರಕ್ಕೆ ಕರೆಸು. ಅದಕ್ಕಿಂತ ಮೊದಲು ಬೇಡ. ಗ್ಯಾಂಗ್ ಹೊರಡುವ ದಿನ ಹತ್ತಿರ ಇದೆ, ಆದ್ದರಿಂದ ಅವನಿಗೂ ಒಂದು ದಿನ ಗೊತ್ತುಮಾಡಿ ಹೇಳು. ಆ ದಿನ ದಾಟಿದರೂ ಅವನು ಸುಮ್ಮನಿದ್ದರೆ ನಿನಗೆ ಉತ್ತರ ಸಿಕ್ಕ ಹಾಗೆ. ಆಗಲೂ ಪವಾರರ ಹುಡುಗನಿಗೆ ಒಪ್ಪಿಗೆ ಕೊಡಲೇಬೇಕು ಅಂತ ಇಲ್ಲ.

ತಂಗಿಯ ವಿಷಯ. ಅವಳಿಗೆ ಸಂಬಂಧ ಬರುವುದು ಕೆಲವು ವರ್ಷ ಕಷ್ಟ ಆಗಬಹುದು, ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಅವಳು ಎಷ್ಟನೇ ಕ್ಲಾಸು ಅಂತ ನೀನು ಬರೆದಿಲ್ಲ. ಓದುತ್ತಿದ್ದರೆ ಅಪ್ಪ ಸಿಟ್ಟಿನಲ್ಲಿ ಶಾಲೆ ಬಿಡಿಸಿ ಕೊಯ್ತಾ ಜೋಡಿಗೆ ಬೇಗ ಮದುವೆ ಮಾಡುವ ಅಪಾಯವೇ ಜಾಸ್ತಿ. ವಯಸ್ಸು 18 ತುಂಬಿಲ್ಲದಿದ್ದರೆ ಅಂಥ ಮದುವೆಯನ್ನು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ ನಿಲ್ಲಿಸಬಹುದು. ಸರ್ಕಾರಿ ಹಾಸ್ಟೆಲಿಗೆ ಅವಳ ಅರ್ಜಿಯನ್ನು ಈ ವರ್ಷವೇ ಹಾಕಿಸು. ಫೀಸು, ಪುಸ್ತಕದ ಖರ್ಚು ನಿನ್ನ ಖಾತೆಯಿಂದ ನೇರವಾಗಿ ಹೋಗಲಿ. ಅವಳಿಗೆ ಎಲ್ಲವನ್ನೂ ನೀನೇ ಹೇಳು, ಬೇರೆಯವರ ಬಾಯಿಂದ ಕೇಳುವ ಹಾಗೆ ಆಗಬಾರದು.